ಎಡಗಡೆಯ ಅಳತೆ

ರುವಿ ಹೈಸ್ಟ್ರೀಟಿನ ಹಿಂದೆ
ಮೊಬೈಲ್ ರಿಪೇರಿಯವನ ತಲೆಯ ಮೇಲಿನ ಕೋಣೆಯಲ್ಲಿ
ಹದಿನಾಲ್ಕು ವರ್ಷದಿಂದ ಹೆಂಗಸರ ಎದೆ ಅಳೆಯುತ್ತೇನೆ.
ಮೂವತ್ತನಾಲ್ಕು, ನಲವತ್ತು, ನಲವತ್ತೆರಡೂವರೆ.
ಪಟ್ಟಿಯೊಳಗೆ ಒಂದು ಬೆರಳು ಆಡಬೇಕು,
"ಉಸ್ರ್ ಬಿಡುಕೂ ಜಾಗ ಬೇಕ್, ಹೆಣೇ"
ಎಂದು ಕಲಿಸಿದ್ದು ಉಪ್ಪುಂದದ ಚಿಕ್ಕಮ್ಮ.
ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವ ಚಟವೂ ಅವಳದೇ.

ಆರು ವರ್ಷದಿಂದ ನನಗೆ ಸಕ್ಕರೆ.
ಊರಲ್ಲಿ ಹೇಳುತ್ತಾರೆ, ಆಸ್ತಿ ಇದ್ದ ಹಾಗೆ:
ಕಮಲಾಕ್ಷಿಗೆ ಸಕ್ಕರೆ ಉಂಟಂತೆ.
ಮೂರು ತಿಂಗಳಿಗೊಮ್ಮೆ ಪಾಲಿಕ್ಲಿನಿಕ್.
ಬೆರಳು ಕೇಳುತ್ತಾರೆ, ಕೊಡುತ್ತೇನೆ.
ಪಾದ ಕೇಳುತ್ತಾರೆ, ಸಾಕ್ಸ್ ಕಳಚುತ್ತೇನೆ.
ಕಣ್ಣಿಗೆ ಟಾರ್ಚು ಬಿಡುತ್ತಾರೆ.
ನಡೆಯಿರಿ ಎನ್ನುತ್ತಾರೆ. ಈ ಬಿಸಿಲಲ್ಲಿ ಎಲ್ಲಿಗೆ?
ಹೈಪರ್‌ಮಾರ್ಕೆಟ್ಟಿನ ತಂಪಿನಲ್ಲಿ ಖಾಲಿ ಟ್ರಾಲಿ ತಳ್ಳಿಕೊಂಡು
ನಾಲ್ಕು ಸುತ್ತು, ಏನೂ ಕೊಳ್ಳದೆ.
ಕುತ್ತಿಗೆಯಿಂದ ಸೊಂಟದ ತನಕ
ಯಾರೂ ಏನೂ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ರಂಜಾನಿಗೆ ಹನ್ನೆರಡು ದಿನ ಇರುವಾಗ ಬದ್ರಿಯಾ ಬಂದಳು.
ಕೈಯಲ್ಲಿ ಅವಳದೇ ನಾಲ್ಕು ಜಲಾಬಿಯಾ, ನಾನೇ ಹೊಲಿದದ್ದು.
"ಛೋಟಾ ಕರೋ. ಏಕ್ ಸೈಡ್."
ಯಾವ ಸೈಡು ಎಂದು ಕೇಳಿದೆ.
ಅವಳು ಎದ್ದು ಬಾಗಿಲ ಚಿಲಕ ಹಾಕಿದಳು.

ಬಲಗಡೆ ಪಟ್ಟಿ ಏರಿ ಇಳಿಯಿತು.
ಎಡಗಡೆ ನೆಟ್ಟಗೆ ಹೋಯಿತು,
ಸಲಾಲಾದ ರಸ್ತೆ ಮರಳಲ್ಲಿ ಹೋದ ಹಾಗೆ.
ಮೂವತ್ತೇಳು ಎಂದು ಬರೆದೆ. ಹೊಡೆದು ಹಾಕಿದೆ.
ಎರಡು ಬದಿಗೆ ಒಂದು ಸಂಖ್ಯೆ ಸಾಲದ ಮೈಯನ್ನು
ಚಿಕ್ಕಮ್ಮ ಕಲಿಸಿರಲಿಲ್ಲ.

ಅವಳಿಗೂ ಸಕ್ಕರೆ, ಹನ್ನೊಂದು ವರ್ಷ.
ಅದರಿಂದಲೇ ಇದು ಬಂತೇ?
ಹಾಗೆ ಯಾರೂ ಹೇಳಲಿಲ್ಲವಂತೆ.
ಅದಿರುವ ಮನೆಯ ದಾರಿ ಇದಕ್ಕೆ ಸ್ವಲ್ಪ ಸಲೀಸು, ಅಷ್ಟೇ.
ಬೀಗ ತುಕ್ಕು ಹಿಡಿದಾಗ ಮೈ
ಇನ್ನೊಂದು ಕೀಲಿಕೈ ಮಾಡಿಸುತ್ತದಂತೆ, ಮತ್ತೊಂದು, ಮತ್ತೊಂದು.
ರಕ್ತದ ತುಂಬ ಕೀಲಿಕೈಗಳು ಕಿಣಿಕಿಣಿ ಅಲೆಯುತ್ತವೆ.
ಬೆಳೆಯಬಾರದ್ದು ಯಾವುದೋ ಮೂಲೆಯಲ್ಲಿ ಬಾಗಿಲ ಸಂದಿನಿಂದ
ಕೈ ಚಾಚಿದರೆ, ಕೊಡುವುದಿಲ್ಲ ಎನ್ನಲು
ಕೀಲಿಕೈಗೇನು ಬುದ್ಧಿಯೇ?

ಮದ್ದು ಏರಿಸಿದ ರಾತ್ರಿ ಜೊತೆಯ ಗುಳಿಗೆಗೆ
ಸಕ್ಕರೆ ಇಪ್ಪತ್ತೆರಡಕ್ಕೆ ಹಾರಿತಂತೆ.
ನಮ್ಮೂರಿನ ಲೆಕ್ಕದಲ್ಲಿ ನಾನೂರು.
ಅವಳು ನಕ್ಕಳು: ಒಬ್ಬಳನ್ನು ಹೊರಹಾಕಲು ಕರೆಸಿದವನು
ಇನ್ನೊಬ್ಬಳಿಗೆ ಊಟ ಬಡಿಸಿ ಹೋದ.
ಚಿಲಕ ತೆಗೆಯುವಾಗ ತಿರುಗಿ ಕೇಳಿದಳು,
"ನಿನ್ನ ಅಳತೆ ಯಾರು ತೆಗೆಯುತ್ತಾರೆ?"

ಜಲಾಬಿಯಾವನ್ನು ಚಿಕ್ಕದು ಮಾಡಲಿಲ್ಲ.
ಒಳಗೊಂದು ಕಿಸೆ ಹೊಲಿದೆ.
ಹತ್ತಿ ತುಂಬಿದೆ, ಹಗುರ, ಮೇಲಕ್ಕೆ ಜರುಗುತ್ತದೆ.
ಅಕ್ಕಿ ಗಡುಸು. ಕೊನೆಗೆ
ಸಕ್ಕರೆಗೆ ಒಳ್ಳೆಯದೆಂದು ಊರಿಂದ ತರಿಸಿಟ್ಟ ರಾಗಿ.
ಅದು ಜಾರಿ, ಕೂತು, ಮೈಯ ಹಾಗೆ ಸುಮ್ಮನಾಗುತ್ತದೆ.
ಆದರೆ ಎಷ್ಟು ಹಾಕುವುದು?
ಒಂದು ಮೊಲೆಯ ತೂಕ
ನನಗೆ ಗೊತ್ತಿರಲಿಲ್ಲ, ಐವತ್ತೆರಡು ವರ್ಷ ಎರಡನ್ನು ಹೊತ್ತಿದ್ದೇನೆ.

ಬಲಗೈಯಲ್ಲಿ ರಾಗಿಯ ಚೀಲ ಹಿಡಿದು
ಅಂದಾಜಿಗೆಂದು ಎಡಗೈ ರವಿಕೆಯೊಳಗೆ ಹಾಕಿದೆ.
ಮಷೀನಿನ ದೀಪ ಉರಿಯುತ್ತಲೇ ಇತ್ತು.
ಕೆಳಗೆ ಯಾರದೋ ಫೋನು ಜೀವ ಬಂದು ರಿಂಗಾಯಿತು.
ತೂಕ ಸರಿಯಿತ್ತು.
ಕಂಕುಳ ಬದಿಯಲ್ಲಿ, ಬೆರಳು ಆಡಬೇಕಾದಲ್ಲಿ,
ಬೆರಳು ನಿಂತಿತು.

ಬದ್ರಿಯಾ ಮೂರು ರಿಯಾಲ್ ಕೊಟ್ಟಳು,
ತೋಳು ಸಡಿಲ ಎಂದು ಗೊಣಗಿದಳು.
ಕನ್ನಡಿಯಲ್ಲಿ ಎರಡೂ ಬದಿ ನೋಡಿಕೊಂಡು
ನನ್ನ ಕಡೆ ಒಮ್ಮೆ ನೋಡಿದಳು. ನಾನು ದಾರ ಕಚ್ಚಿದೆ.

ಬುಧವಾರ ಪಾಲಿಕ್ಲಿನಿಕ್.
ನರ್ಸು ಚುಚ್ಚುವ ಪೆನ್ನು ಹಿಡಿದು, ಕಣ್ಣೆತ್ತದೆ,
ಬೆರಳು ಕೊಡಿ ಎಂದಳು.
ಬೆರಳು ಆಮೇಲೆ, ಎಂದೆ.
ಮೊದಲು ಆ ಬಾಗಿಲು ಹಾಕು, ಮಗಾ.